ತಾಸ್ಸೊ: ತನ್ನ ಕಾವ್ಯಕ್ಕೆ ತಾನೇ ಹೆದರಿದ ಕವಿ

ರೋಮಿಗೆ ಪ್ರವಾಸ ಹೋಗಿದ್ದ ಗೆಳೆಯರೊಬ್ಬರು ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಒಣಗಿ ಕಪ್ಪಾದ ಮರದ ಬೊಡ್ಡೆ. ಅದು ಬೀಳದ ಹಾಗೆ ಕಬ್ಬಿಣದ ಆಸರೆ ಕೊಟ್ಟಿದ್ದಾರೆ. ಕೆಳಗೆ ಗೆಳೆಯರ ಪ್ರಶ್ನೆ: ‘ಸತ್ತ ಮರಕ್ಕೆ ಯಾಕೆ ಇಷ್ಟೊಂದು ಉಪಚಾರ?’

ಅದು ಜಾನೀಕೊಲೊ ಗುಡ್ಡದ ಮೇಲಿರುವ ‘ತಾಸ್ಸೊನ ಓಕ್ ಮರ’. ತಾಸ್ಸೊ ಎಂಬ ಕವಿ 1595ರಲ್ಲಿ ತನ್ನ ಕೊನೆಯ ದಿನಗಳನ್ನು ಪಕ್ಕದ ಮಠದಲ್ಲಿ ಕಳೆದ. ಈ ಮರದ ಕೆಳಗೆ ಬಂದು ಕೂರುತ್ತಿದ್ದ ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ. 1843ರಲ್ಲಿ ಸಿಡಿಲು ಬಡಿದು ಮರ ಹಾಳಾಯಿತು. ಆದರೂ ಕಿತ್ತು ಹಾಕಲು ಮನಸ್ಸು ಬರಲಿಲ್ಲ.

ಗೆಳೆಯರಿಗೆ ಎರಡು ಸಾಲಿನ ಉತ್ತರ ಟೈಪ್ ಮಾಡಲು ಕೂತೆ. ಆಗಲಿಲ್ಲ. ಯಾಕೆಂದರೆ ಈ ಮನುಷ್ಯನ ಕಥೆ ಸ್ವಲ್ಪ ವಿಚಿತ್ರ. ಯುರೋಪೆಲ್ಲ ಓದಿದ ಕಾವ್ಯ ಬರೆದವನು ಅದು ಅಚ್ಚಾಗುವ ಹೊತ್ತಿಗೆ ಹುಚ್ಚರನ್ನಿಡುವ ಕೋಣೆಯಲ್ಲಿ ಬೀಗದ ಹಿಂದೆ ಇದ್ದ. ಹೊರಗೆ ಬಂದ ಮೇಲೆ ಅದೇ ಕಾವ್ಯವನ್ನು ತಿದ್ದಿ ತಿದ್ದಿ ಬೇರೆಯೇ ಮಾಡಿದ. ಹೀಗೇಕಾಯಿತು ಅನ್ನುವುದಕ್ಕೆ ಬುಡದಿಂದಲೇ ಬರಬೇಕು.

ಊರು ಬಿಟ್ಟ ಅಪ್ಪ, ಊರಿಲ್ಲದ ಮಗ

ತೊರ್ಕ್ವಾತೊ ತಾಸ್ಸೊ ಹುಟ್ಟಿದ್ದು 1544ರ ಮಾರ್ಚ್ 11ರಂದು, ನೇಪಲ್ಸ್ ಕೊಲ್ಲಿಯ ದಡದಲ್ಲಿರುವ ಸೊರೆಂಟೊದಲ್ಲಿ. ಆಗ ಇಟಲಿ ಎಂಬ ಒಂದು ದೇಶ ಇರಲಿಲ್ಲ. ಒಂದು ಕಡೆ ಡ್ಯೂಕ್‌ಗಳ ಸಂಸ್ಥಾನ, ಇನ್ನೊಂದು ಕಡೆ ವೆನಿಸ್‌ನಂಥ ಗಣರಾಜ್ಯ. ನಡುವೆ ಪೋಪ್ ಆಳುವ ಸೀಮೆ. ದಕ್ಷಿಣದ ನೇಪಲ್ಸ್ ಸ್ಪೇನ್ ದೊರೆಯ ಕೈಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ತಾಸ್ಸೊನ ಅರ್ಧ ಗೋಳಿಗೆ ಈ ಹರಿದು ಹಂಚಿದ ನಕ್ಷೆಯೇ ಕಾರಣ.

ಮನೆತನದ ಮೂಲ ಉತ್ತರದ ಬೆರ್ಗಾಮೊ ಸೀಮೆ. ತಾಸ್ಸೊ ಅಂದರೆ ಇಟಾಲಿಯನ್‌ನಲ್ಲಿ ಬ್ಯಾಡ್ಜರ್, ಬಿಲ ತೋಡಿಕೊಂಡು ಬದುಕುವ ಪ್ರಾಣಿ. ಇದೇ ಕುಲದ ಇನ್ನೊಂದು ಕವಲು ಯುರೋಪಿನ ಚಕ್ರವರ್ತಿಗಳಿಗೆ ಅಂಚೆ ವ್ಯವಸ್ಥೆ ಕಟ್ಟಿಕೊಟ್ಟು ಕೋಟ್ಯಧೀಶರಾದ ಟ್ಯಾಕ್ಸಿಸ್ ಮನೆತನ. ‘ಟ್ಯಾಕ್ಸಿ’ ಪದ ಇವರಿಂದ ಬಂತು ಅಂತ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಅದು ಬಾಡಿಗೆ ಲೆಕ್ಕ ಹಾಕುವ ಟ್ಯಾಕ್ಸಿಮೀಟರ್‌ನ ಮೊಟಕು ರೂಪ, ಅಷ್ಟೆ.

ಕವಿಯ ತಂದೆ ಬೆರ್ನಾರ್ದೊ ತಾಸ್ಸೊನ ಪಾಲಿಗೆ ಕೋಟಿ ಬರಲಿಲ್ಲ. ಅವನೂ ಕವಿ. ಹೊಟ್ಟೆಪಾಡಿಗೆ ಸಲೆರ್ನೊ ಸಂಸ್ಥಾನದ ಒಡೆಯನ ಹತ್ತಿರ ಕಾರ್ಯದರ್ಶಿ. ಆ ಒಡೆಯ ಸ್ಪೇನ್ ಆಡಳಿತದ ಕೆಂಗಣ್ಣಿಗೆ ಬಿದ್ದು 1552ರಲ್ಲಿ ದೇಶಭ್ರಷ್ಟನಾದ. ಬೆರ್ನಾರ್ದೊ ಅವನ ಹಿಂದೆ ಹೊರಟ. ಆಸ್ತಿ ಮುಟ್ಟುಗೋಲಾಯಿತು. ಹತ್ತು ವರ್ಷದ ತೊರ್ಕ್ವಾತೊ ಅಮ್ಮನನ್ನೂ ಅಕ್ಕ ಕೊರ್ನೇಲಿಯಾಳನ್ನೂ ನೇಪಲ್ಸ್‌ನಲ್ಲಿ ಬಿಟ್ಟು ಅಪ್ಪನ ಹತ್ತಿರ ರೋಮಿಗೆ ಹೋದ. ಅಮ್ಮನನ್ನು ಮತ್ತೆ ನೋಡಲಿಲ್ಲ. 1556ರಲ್ಲಿ ಆಕೆ ತೀರಿಕೊಂಡಳು. ವರದಕ್ಷಿಣೆಯ ಹಣದ ಆಸೆಗೆ ಆಕೆಯ ಅಣ್ಣತಮ್ಮಂದಿರೇ ವಿಷ ಹಾಕಿರಬಹುದು ಎಂಬ ಅನುಮಾನ ಬೆರ್ನಾರ್ದೊಗೆ ಇತ್ತು.

ಎರಡು ವರ್ಷದ ಮೇಲೆ ಇನ್ನೊಂದು ಏಟು. 1558ರಲ್ಲಿ ತುರ್ಕಿ ಹಡಗುಗಳು ಸೊರೆಂಟೊ ಮೇಲೆ ದಾಳಿ ಮಾಡಿ ಊರವರನ್ನು ಗುಲಾಮರಾಗಿ ಹೊತ್ತೊಯ್ದವು. ಕೊರ್ನೇಲಿಯಾ ಸ್ವಲ್ಪದರಲ್ಲಿ ತಪ್ಪಿಸಿಕೊಂಡಳು. ಆಗ ತಮ್ಮನಿಗೆ 14 ವರ್ಷ. ಅದಾದ ಒಂದೆರಡು ವರ್ಷದಲ್ಲೇ ಅವನು ಕ್ರೈಸ್ತ ಸೈನ್ಯ ಜೆರುಸಲೇಮ್ ಗೆದ್ದ ಕಥೆಯನ್ನು ಬರೆಯಲು ಶುರು ಮಾಡಿದ. ಈ ವಿಷಯ ಅವನಿಗೆ ಬರೀ ಪುಸ್ತಕದಿಂದ ಸಿಕ್ಕಿದ್ದಲ್ಲ.

ಅಪ್ಪ ಪಾದುವಾಕ್ಕೆ ಕಾನೂನು ಓದಲು ಕಳಿಸಿದ. ಮಗ ಕಾನೂನು ಓದಿದ್ದು ಕಡಿಮೆ. 18ನೇ ವಯಸ್ಸಿಗೆ, 1562ರಲ್ಲಿ, ‘ರಿನಾಲ್ದೊ’ ಎಂಬ ವೀರಕಾವ್ಯ ಅಚ್ಚು ಹಾಕಿಸಿ ಹೆಸರು ಮಾಡಿದ.

ಆಸ್ಥಾನ ಕವಿಗೆ ಸಂಬಳ ಯಾತಕ್ಕೆ?

1565ರಲ್ಲಿ, ಅಂದರೆ ನಮ್ಮ ಕಡೆ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ವರ್ಷ, ತಾಸ್ಸೊ ಫೆರಾರಾ ಸಂಸ್ಥಾನಕ್ಕೆ ಬಂದ. ಆಳುತ್ತಿದ್ದವರು ಎಸ್ತೆ ಮನೆತನದವರು. ಮೊದಲು ಕಾರ್ಡಿನಲ್ ಲುಯಿಜಿಯ ಪರಿವಾರದಲ್ಲಿದ್ದ. 1572ರಿಂದ ಡ್ಯೂಕ್ ಎರಡನೇ ಆಲ್ಫೊನ್ಸೊನ ಸಂಬಳಗಾರನಾದ.

ಆಸ್ಥಾನ ಕವಿ ಅಂದ ತಕ್ಷಣ ನಮಗೆ ಕನಕಾಭಿಷೇಕ ನೆನಪಾಗುತ್ತದೆ. ದಿನನಿತ್ಯದ ಕೆಲಸ ಅಷ್ಟು ಭರ್ಜರಿ ಇರಲಿಲ್ಲ. ಮದುವೆಗೊಂದು ಪದ್ಯ, ಸಾವಿಗೊಂದು ಪದ್ಯ, ರಾಜಕುಮಾರಿಗೆ ಜ್ವರ ಬಿಟ್ಟರೆ ಒಂದು ಪದ್ಯ. ಹಬ್ಬಕ್ಕೆ ನಾಟಕ. 1573ರಲ್ಲಿ ಪೋ ನದಿಯ ಒಂದು ದ್ವೀಪದಲ್ಲಿದ್ದ ಡ್ಯೂಕ್‌ನ ಅರಮನೆಯಲ್ಲಿ ‘ಅಮಿಂತಾ’ ಆಡಿದ್ದು ಹೀಗೇ. ಕುರುಬರ ಪ್ರೇಮದ ಚಿಕ್ಕ ನಾಟಕ. ಅದರ ಒಂದು ಹಾಡಿನಲ್ಲಿ ಹಳೆಯ ಸುವರ್ಣಯುಗದ ಕಾನೂನು ಏನಿತ್ತು ಅಂತ ತಾಸ್ಸೊ ಒಂದೇ ಸಾಲಲ್ಲಿ ಹೇಳುತ್ತಾನೆ: ಹಿತವಾದರೆ ಅದು ಸರಿ. ಸರಿಯಾದದ್ದು ಮಾತ್ರ ಹಿತವಾಗಲಿ ಅಂತ ಅದೇ ಫೆರಾರಾದ ಇನ್ನೊಬ್ಬ ಕವಿ ಗ್ವಾರಿನಿ ತನ್ನ ನಾಟಕದಲ್ಲಿ ತಿರುಗೇಟು ಕೊಟ್ಟ. ಈ ಎರಡು ಸಾಲಿನ ನಡುವಿನ ಜಗಳ ತಾಸ್ಸೊನ ಜೀವನದುದ್ದಕ್ಕೂ ನಡೆಯಿತು.

ಇವೆಲ್ಲ ಚಿಲ್ಲರೆ ಕೆಲಸ. ಡ್ಯೂಕ್ ಕಾಯುತ್ತಿದ್ದದ್ದು ಜೆರುಸಲೇಮ್ ಕಥೆಯ ಆ ದೊಡ್ಡ ಕಾವ್ಯಕ್ಕೆ. ಅದರ ನಾಯಕರಲ್ಲಿ ಒಬ್ಬನಾದ ರಿನಾಲ್ದೊನನ್ನು ತಾಸ್ಸೊ ಎಸ್ತೆ ಮನೆತನದ ಮೂಲಪುರುಷ ಮಾಡಿದ್ದ. ಅಂದರೆ ಕಾವ್ಯ ಹೊರಬಂದರೆ ಮನೆತನಕ್ಕೆ ಒಂದು ವೀರ ವಂಶಾವಳಿಯೂ ಸಿಗುತ್ತದೆ. ಹಾಗಾಗಿ ಕವಿ ಕೆಲಸ ಬಿಟ್ಟು ಬೇರೆ ಕಡೆ ಹೊರಟರೆ ಡ್ಯೂಕ್‌ಗೆ ಅದು ಬರೀ ಒಬ್ಬ ನೌಕರನ ರಾಜೀನಾಮೆ ಆಗುತ್ತಿರಲಿಲ್ಲ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಬರೆದ ಕೋಡ್ ಕಂಪನಿಯದು ಅನ್ನುತ್ತಾರಲ್ವಾ, ಆಸ್ಥಾನಗಳ ಮನಸ್ಸೂ ಹಾಗೇ ಇತ್ತು. ತಾಸ್ಸೊ ಫ್ಲಾರೆನ್ಸ್‌ನ ಮೆದಿಚಿ ಮನೆತನದ ಕಡೆ ಕಣ್ಣು ಹಾಯಿಸುತ್ತಿದ್ದಾನೆ ಎಂಬ ಸುದ್ದಿ ಫೆರಾರಾದಲ್ಲಿ ಯಾರಿಗೂ ಹಿಡಿಸಲಿಲ್ಲ. ಎರಡು ಮನೆತನಗಳಿಗೂ ಆಗಿಬರುತ್ತಿರಲಿಲ್ಲ.

ಕಾವ್ಯದಲ್ಲಿ ಏನಿದೆ?

ಈಗ ಎಲ್ಲರೂ ಅದನ್ನು ‘ಜೆರುಸಲೆಮ್ಮೆ ಲಿಬೆರಾತಾ’ ಎನ್ನುತ್ತಾರೆ, ಬಿಡುಗಡೆಯಾದ ಜೆರುಸಲೇಮ್. 20 ಸರ್ಗ, 15,000ಕ್ಕೂ ಹೆಚ್ಚು ಸಾಲು. 1575ರಲ್ಲಿ ಬರೆದು ಮುಗಿಸಿದ.

ಕಥೆಯ ಚೌಕಟ್ಟು ಇತಿಹಾಸದ್ದು. ಯುರೋಪಿನ ಕ್ರೈಸ್ತ ಸೈನ್ಯಗಳು 1096ರಲ್ಲಿ ಹೊರಟು 1099ರ ಜುಲೈನಲ್ಲಿ ಜೆರುಸಲೇಮನ್ನು ಮುಸ್ಲಿಂ ಆಡಳಿತದಿಂದ ಕಸಿದುಕೊಂಡವು. ಇದೇ ಮೊದಲ ಕ್ರುಸೇಡ್. ಒಬ್ಬ ಮುಂದಾಳಿನ ಹೆಸರು ಬೂಯೋನ್‌ನ ಗಾಡ್‌ಫ್ರೀ. ಇಟಾಲಿಯನ್‌ನಲ್ಲಿ ಗೊಫ್ರೇದೊ. ನಿಜವಾದ ಜೆರುಸಲೇಮ್‌ನಲ್ಲಿ ಊರು ಬಿದ್ದ ಮೇಲೆ ಮುಸ್ಲಿಮರ, ಯಹೂದ್ಯರ ಮಾರಣಹೋಮ ನಡೆಯಿತು. ಇದು ಗೆದ್ದವರ ಕಡೆಯ ಕಾವ್ಯ. ಓದುವಾಗ ಇದು ಗೊತ್ತಿರಬೇಕು.

ಆದರೆ ಓದಿದವರ ನೆನಪಲ್ಲಿ ಉಳಿಯುವುದು ಗೊಫ್ರೇದೊ ಅಲ್ಲ. ಅವನು ತೀರಾ ಒಳ್ಳೆಯವನು, ಸ್ವಲ್ಪ ಬೋರು. ಉಳಿಯುವುದು ತಾಸ್ಸೊ ಕಲ್ಪಿಸಿದ ಜನ. ಅದರಲ್ಲೂ ಎದುರು ಪಕ್ಷದ ಹೆಂಗಸರು. ಮಾಟಗಾತಿ ಅರ್ಮಿದಾ ರಿನಾಲ್ದೊನನ್ನು ಕೊಲ್ಲಲು ಹೋಗಿ ಅವನನ್ನೇ ಪ್ರೀತಿಸಿ ಸಮುದ್ರದಾಚೆಯ ತೋಟವೊಂದಕ್ಕೆ ಹೊತ್ತೊಯ್ಯುತ್ತಾಳೆ. ಎರ್ಮಿನಿಯಾ ಎಂಬ ರಾಜಕುಮಾರಿ ಶತ್ರುವನ್ನೇ ಪ್ರೀತಿಸಿ, ಓಡಿಹೋಗಿ, ಕುರುಬರ ನಡುವೆ ಆಡು ಕುರಿ ಕಾಯುತ್ತಾಳೆ. ಇನ್ನೊಬ್ಬಳು ಕ್ಲೊರಿಂದಾ. ಅವಳು ಯೋಧೆ.

12ನೇ ಸರ್ಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಲೊರಿಂದಾ ಜೆರುಸಲೇಮ್ ಕಾಯುವ ಪಡೆಯವಳು. ಕ್ರೈಸ್ತ ವೀರ ತಾಂಕ್ರೇದಿ ಅವಳನ್ನು ಹಿಂದೆ ಒಮ್ಮೆ ನೋಡಿ ಮನಸ್ಸು ಕೊಟ್ಟಿದ್ದಾನೆ. ಒಂದು ರಾತ್ರಿ ಅವಳು ಗುರುತು ಸಿಗದ ಹಾಗೆ ಬೇರೆ ಕವಚ ತೊಟ್ಟು ಹೊರಬಂದು ಮುತ್ತಿಗೆಯ ಮರದ ಗೋಪುರಕ್ಕೆ ಬೆಂಕಿ ಇಡುತ್ತಾಳೆ. ವಾಪಸ್ ಬರುವಷ್ಟರಲ್ಲಿ ಕೋಟೆ ಬಾಗಿಲು ಮುಚ್ಚಿರುತ್ತದೆ. ತಾಂಕ್ರೇದಿ ಅವಳನ್ನು ಯಾರೋ ಗಂಡಸು ಅಂದುಕೊಂಡು ಬೆನ್ನು ಹತ್ತುತ್ತಾನೆ. ಕತ್ತಲಲ್ಲಿ ಇಬ್ಬರೂ ಹೊಡೆದಾಡುತ್ತಾರೆ. ಸುಸ್ತಾಗಿ ಕತ್ತಿಗೆ ಒರಗಿ ಒಬ್ಬರನ್ನೊಬ್ಬರು ನೋಡುತ್ತಾ ನಿಲ್ಲುತ್ತಾರೆ. ನಿನ್ನ ಹೆಸರೇನು ಅಂತ ಅವನು ಕೇಳುತ್ತಾನೆ. ಅವಳು ಹೇಳುವುದಿಲ್ಲ. ಮತ್ತೆ ಹೊಡೆದಾಟ. ಬೆಳಕು ಹರಿಯುವ ಹೊತ್ತಿಗೆ ಅವನ ಕತ್ತಿ ಅವಳ ಎದೆಗೆ ಇಳಿಯುತ್ತದೆ.

ಬಿದ್ದವಳು ದೀಕ್ಷಾಸ್ನಾನ ಕೊಡು ಅಂತ ಕೇಳುತ್ತಾಳೆ. ಹುಟ್ಟಿನಿಂದ ಅವಳು ಇಥಿಯೋಪಿಯಾದ ಕ್ರೈಸ್ತ ರಾಣಿಯ ಮಗಳು ಎಂಬುದು ಆ ರಾತ್ರಿಯಷ್ಟೇ ಅವಳಿಗೆ ಗೊತ್ತಾಗಿರುತ್ತದೆ. ತಾಂಕ್ರೇದಿ ಹತ್ತಿರದ ತೊರೆಗೆ ಓಡಿ ತನ್ನ ಶಿರಸ್ತ್ರಾಣದಲ್ಲಿ ನೀರು ತರುತ್ತಾನೆ. ಅವಳ ಶಿರಸ್ತ್ರಾಣ ಬಿಚ್ಚುತ್ತಾನೆ. ಮುಖ ಕಾಣುತ್ತದೆ.

ಇಲ್ಲಿಗೂ ಮುಗಿಯುವುದಿಲ್ಲ. ಮುಂದಿನ ಸರ್ಗದಲ್ಲಿ ಮಾಟ ಹಿಡಿದ ಕಾಡೊಂದರಲ್ಲಿ ತಾಂಕ್ರೇದಿ ಒಂದು ಮರಕ್ಕೆ ಕತ್ತಿ ಬೀಸುತ್ತಾನೆ. ಮರದಿಂದ ರಕ್ತ ಸುರಿಯುತ್ತದೆ. ಒಳಗಿಂದ ಕ್ಲೊರಿಂದಾಳ ದನಿ ಬರುತ್ತದೆ: ಒಂದು ಸಲ ಕೊಂದದ್ದು ಸಾಲದಾ? ಮನಸ್ಸಿಗೆ ಬಿದ್ದ ಏಟನ್ನು ಮನುಷ್ಯ ತನಗೆ ತಿಳಿಯದೆ ಮತ್ತೆ ಮತ್ತೆ ಅನುಭವಿಸುತ್ತಾನೆ ಎಂದು ವಿವರಿಸಲು ಫ್ರಾಯ್ಡ್ 1920ರಲ್ಲಿ ಬಳಸಿದ ಉದಾಹರಣೆ ಇದೇ.

ಎಂಟು ಸಾಲಿನ ಲೆಕ್ಕ

ನಮ್ಮ ಕುಮಾರವ್ಯಾಸನಿಗೆ ಭಾಮಿನಿ ಷಟ್ಪದಿ ಹೇಗೋ ಇಟಾಲಿಯನ್ ಕಥನಕಾವ್ಯಕ್ಕೆ ‘ಒತ್ತಾವಾ ರೀಮಾ’ ಹಾಗೆ. ಅಲ್ಲಿ ಆರು ಸಾಲು, ಇಲ್ಲಿ ಎಂಟು. ನಮ್ಮ ಪ್ರಾಸ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಕೂತಿದ್ದರೆ ಅವರದು ಸಾಲಿನ ಕೊನೆಯಲ್ಲಿ. ಮೊದಲ ಆರು ಸಾಲು ಒಂದು ಬಿಟ್ಟು ಒಂದು ಪ್ರಾಸ ಹೊಂದುತ್ತವೆ. ಕೊನೆಯ ಎರಡು ಜೋಡಿಯಾಗಿ ಬಂದು ಪದ್ಯವನ್ನು ಮುಚ್ಚುತ್ತವೆ. ಈ ಮುಚ್ಚುವ ಜೋಡಿಯಲ್ಲಿ ಒಂದು ಜಾಣ ಮಾತನ್ನೋ ಒಂದು ನಿಟ್ಟುಸಿರನ್ನೋ ಇಡುವುದರಲ್ಲಿ ತಾಸ್ಸೊ ಪಳಗಿದವನು. ಹಾಡಲು ಬರುವ ಕಟ್ಟು ಇದು. ಅದರ ವಿಷಯ ಆಮೇಲೆ ಬರುತ್ತದೆ.

ಅಷ್ಟೊಂದು ಹೆದರಿಕೆ ಯಾಕೆ?

ಬರೆದು ಮುಗಿಸಿದವನು ಸೀದಾ ಅಚ್ಚಿಗೆ ಕೊಡಬಹುದಿತ್ತು. ಕೊಡಲಿಲ್ಲ. ಹಸ್ತಪ್ರತಿಯನ್ನು ಕಂತು ಕಂತಾಗಿ ರೋಮಿಗೆ ಕಳಿಸಿದ. ಅಲ್ಲಿ ಸ್ನೇಹಿತ ಶಿಪಿಯೊನೆ ಗೊನ್ಜಾಗಾ ಮತ್ತೆ ಕೆಲವು ಪಂಡಿತರು ಓದಿ ತಪ್ಪು ಹೇಳಬೇಕು ಅಂತ ಕೇಳಿಕೊಂಡ. ಅವರು ಹೇಳಿದರು. ಸಿಕ್ಕಾಪಟ್ಟೆ ಹೇಳಿದರು.

ಅವರ ತಕರಾರು ಅರ್ಥವಾಗಲು ಆ ಕಾಲದ ಎರಡು ಸಂಗತಿ ಗೊತ್ತಿರಬೇಕು. ಒಂದು, ಅರಿಸ್ಟಾಟಲ್. ಅವನ ಕಾವ್ಯಶಾಸ್ತ್ರದ ಪುಸ್ತಕಕ್ಕೆ 16ನೇ ಶತಮಾನದ ಇಟಲಿಯಲ್ಲಿ ಸಾಲು ಸಾಲು ವ್ಯಾಖ್ಯಾನ ಬಂದವು. ಒಳ್ಳೆಯ ಮಹಾಕಾವ್ಯದಲ್ಲಿ ಒಂದೇ ಮುಖ್ಯ ಕ್ರಿಯೆ ಇರಬೇಕು, ನಂಬುವ ಹಾಗಿರಬೇಕು ಎಂಬುದು ಅದರಿಂದ ತೆಗೆದ ನಿಯಮ. ಆದರೆ ಜನ ಮೆಚ್ಚಿದ್ದು ಅರಿಯೊಸ್ತೊ ಎಂಬ ಹಿಂದಿನ ತಲೆಮಾರಿನ ಫೆರಾರಾ ಕವಿಯನ್ನು. ಅವನ ‘ಒರ್ಲಾಂದೊ ಫುರಿಯೊಸೊ’ ಮೆಗಾ ಧಾರಾವಾಹಿಯ ಹಾಗೆ. ಹತ್ತಾರು ಕಥೆ ಒಟ್ಟಿಗೆ ಓಡುತ್ತವೆ, ಒಂದನ್ನು ರೋಚಕ ಜಾಗದಲ್ಲಿ ಬಿಟ್ಟು ಇನ್ನೊಂದಕ್ಕೆ ಹಾರುತ್ತಾನೆ. ತಾಸ್ಸೊಗೆ ಎರಡೂ ಬೇಕಿತ್ತು. ಲೋಕ ಒಂದೇ, ಆದರೆ ಅದರೊಳಗೆ ನಕ್ಷತ್ರ, ಹಕ್ಕಿ, ಮೀನು, ಹೊಲ, ಕಾಡು, ಹಿಮ ಎಲ್ಲ ಇದೆ. ಕಾವ್ಯವೂ ಹಾಗೇ ಇರಲಿ ಎಂದು ಅವನೇ ಒಂದು ಪ್ರಬಂಧದಲ್ಲಿ ಬರೆದ.

ಎರಡನೆಯದು ಚರ್ಚ್. ಪೋಪ್ ಅಧಿಕಾರವನ್ನು ಪ್ರಶ್ನಿಸಿದ ಜರ್ಮನ್ ಪಾದ್ರಿ ಲೂಥರ್‌ನ ನಂತರ ಯುರೋಪಿನ ಅರ್ಧ ಪೋಪ್ ಕೈ ತಪ್ಪಿತ್ತು. ಟ್ರೆಂಟ್ ಎಂಬ ಊರಿನಲ್ಲಿ ಕ್ಯಾಥೊಲಿಕ್ ಬಿಷಪ್‌ಗಳು 1545ರಿಂದ 1563ರವರೆಗೆ ಸಭೆ ಸೇರಿ ಚರ್ಚನ್ನು ಬಿಗಿ ಮಾಡಿದರು. ಓದಬಾರದ ಪುಸ್ತಕಗಳ ಪಟ್ಟಿ ಬಂತು. ಇನ್ಕ್ವಿಸಿಷನ್, ಅಂದರೆ ನಂಬಿಕೆಯಲ್ಲಿ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಸ್ಥಾನ, ಚುರುಕಾಯಿತು.

ಇಂಥ ಕಾಲದಲ್ಲಿ ಜೆರುಸಲೇಮ್‌ನಂಥ ಪವಿತ್ರ ವಿಷಯದ ನಡುವೆ ಅರ್ಮಿದಾಳ ಶೃಂಗಾರ! ಓದುಗರಲ್ಲೊಬ್ಬನಾದ ಸಿಲ್ವಿಯೊ ಆಂತೊನಿಯಾನೊಗೆ ಪ್ರೇಮವೂ ಬೇಡ, ಮಾಟವೂ ಬೇಡ. ಈ ಕಾವ್ಯವನ್ನು ಸನ್ಯಾಸಿಗಳೂ ಸನ್ಯಾಸಿನಿಯರೂ ಓದುವ ಹಾಗಿರಬೇಕಂತೆ ಎಂದು ತಾಸ್ಸೊ ಪತ್ರದಲ್ಲಿ ಗೊಣಗಿದ್ದಾನೆ.

ಕಾವ್ಯದ ಮೂರನೇ ಪದ್ಯದಲ್ಲೇ ಅವನು ಇದಕ್ಕೆ ಉತ್ತರ ಇಟ್ಟಿದ್ದ. ಕಾಯಿಲೆ ಮಗುವಿಗೆ ಕಹಿ ಔಷಧಿ ಕುಡಿಸುವಾಗ ಬಟ್ಟಲಿನ ಅಂಚಿಗೆ ಸಿಹಿ ಸವರುತ್ತೇವೆ. ಮಗು ಮೋಸ ಹೋಗಿ ಕುಡಿಯುತ್ತದೆ, ಆ ಮೋಸದಿಂದಲೇ ಬದುಕುತ್ತದೆ. ಹೋಲಿಕೆ ಲ್ಯಾಟಿನ್ ಕವಿ ಲುಕ್ರೇಷಿಯಸ್‌ನದು, ತಾಸ್ಸೊ ಕಡ ತಂದ. ಪ್ರೇಮಕಥೆಗಳು ಆ ಅಂಚಿನ ಸಿಹಿ. ಪಂಡಿತರು ಹೇಳುತ್ತಿದ್ದದ್ದು: ಅಂಚು ಒರೆಸು. ತಾಸ್ಸೊ ಒಂದು ಪತ್ರದಲ್ಲಿ ವಾದ ಮಾಡುತ್ತಾನೆ, ಇನ್ನೊಂದರಲ್ಲಿ ಶರಣಾಗುತ್ತಾನೆ. ಇಡೀ ಕಾವ್ಯಕ್ಕೆ ಗೂಢಾರ್ಥ ಇದೆ ಅಂತ ಒಂದು ಟಿಪ್ಪಣಿ ಬರೆದು ಅಂಟಿಸುತ್ತಾನೆ. ಗೊಫ್ರೇದೊ ಅಂದರೆ ಬುದ್ಧಿ, ಸೈನಿಕರು ಅಂದರೆ ಅಂಗಾಂಗಗಳು, ಹೀಗೆ. ಅದನ್ನು ಓದಿದರೆ ಅವನಿಗೇ ಪೂರ್ತಿ ನಂಬಿಕೆ ಇದ್ದಂತೆ ಕಾಣುವುದಿಲ್ಲ.

ಆಮೇಲೆ ಅವನು ಮಾಡಿದ್ದು ಯಾರೂ ಊಹಿಸದ ಕೆಲಸ. ತನ್ನ ನಂಬಿಕೆಯಲ್ಲಿ ಲೋಪ ಇರಬಹುದು ಎಂದು ತಾನೇ ಇನ್ಕ್ವಿಸಿಷನ್ ಮುಂದೆ ಹೋಗಿ ನಿಂತ. 1575ರಲ್ಲಿ ಬೊಲೊನ್ಯಾದಲ್ಲಿ ಒಮ್ಮೆ, 1577ರಲ್ಲಿ ಫೆರಾರಾದಲ್ಲಿ ಇನ್ನೊಮ್ಮೆ. ಅವರು ಏನೂ ಇಲ್ಲ, ಮನೆಗೆ ಹೋಗು ಎಂದರು. ಅವನಿಗೆ ಸಮಾಧಾನ ಆಗಲಿಲ್ಲ. ವಿಚಾರಣೆ ಸರಿಯಾಗಿ ನಡೆದಿಲ್ಲ ಅಂತ ಹೊಸ ಚಿಂತೆ.

ಡ್ಯೂಕ್‌ಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಅವನ ತಾಯಿ ಫ್ರಾನ್ಸಿನ ರೆನೇ ಪ್ರೊಟೆಸ್ಟೆಂಟರ ಕಡೆ ಒಲವಿದ್ದವಳು. ಅವನಿಗೆ ಮಕ್ಕಳಿರಲಿಲ್ಲ. ವಾರಸುದಾರ ಇಲ್ಲದಿದ್ದರೆ ಫೆರಾರಾ ಪೋಪ್‌ಗೆ ವಾಪಸ್ ಹೋಗುವ ಸಂಸ್ಥಾನ. 1598ರಲ್ಲಿ ಹಾಗೇ ಆಯಿತು. ಇಂಥ ಸ್ಥಿತಿಯಲ್ಲಿ ಆಸ್ಥಾನದವನೊಬ್ಬ ಇನ್ಕ್ವಿಸಿಷನ್ ಕಚೇರಿಗೆ ಓಡಾಡಿ ಬೇರೆಯವರ ಹೆಸರನ್ನೂ ಹೇಳಿಬರುತ್ತಿದ್ದರೆ ಯಾವ ದೊರೆಗೆ ನಿದ್ದೆ ಬರುತ್ತದೆ?

ಚಾಕು, ಕುರುಬನ ವೇಷ, ಮದುವೆ ಗದ್ದಲ

1577ರ ಜೂನ್ ತಿಂಗಳ ಒಂದು ದಿನ, ಡ್ಯೂಕ್‌ನ ತಂಗಿ ಲುಕ್ರೇಜಿಯಾಳ ಕೋಣೆಯಲ್ಲಿ ತಾಸ್ಸೊ ಒಬ್ಬ ಆಳಿನ ಮೇಲೆ ಚಾಕು ಎಸೆದ. ಆ ಆಳು ತನ್ನ ಮೇಲೆ ಕಣ್ಣಿಟ್ಟಿದ್ದಾನೆ ಅನ್ನುವುದು ಅವನ ಅನುಮಾನ. ಅವನನ್ನು ಕೂಡಿಹಾಕಿದರು. ತಿಂಗಳೊಪ್ಪತ್ತಿನಲ್ಲಿ ತಪ್ಪಿಸಿಕೊಂಡು ಕುರುಬನ ವೇಷದಲ್ಲಿ ನಡೆದೇ ಸೊರೆಂಟೊ ಸೇರಿದ. ಕೊರ್ನೇಲಿಯಾಳ ಮನೆ ಬಾಗಿಲಿಗೆ ಹೋಗಿ, ‘ನಿಮ್ಮ ತಮ್ಮನ ಜೀವ ಅಪಾಯದಲ್ಲಿದೆ’ ಅಂತ ಅಪರಿಚಿತನ ಹಾಗೆ ಹೇಳಿದ. ಅಕ್ಕ ಮೂರ್ಛೆ ಹೋದಳು. ಆಗ ಮಾತ್ರ ಅವನಿಗೆ ನಂಬಿಕೆ ಬಂತು, ತಾನೇ ತಮ್ಮ ಅಂದ.

ಅಲ್ಲೂ ನಿಲ್ಲಲಿಲ್ಲ. ಫೆರಾರಾಕ್ಕೆ ವಾಪಸ್, ಮತ್ತೆ ಪಲಾಯನ. ಮಾಂತುವಾ, ಪಾದುವಾ, ವೆನಿಸ್, ಉರ್ಬಿನೊ. 1578ರಲ್ಲಿ ಟ್ಯೂರಿನ್ ಬಾಗಿಲಿಗೆ ಬಂದಾಗ ಅವನ ಚಿಂದಿ ಬಟ್ಟೆ ನೋಡಿ ಕಾವಲಿನವರು ಒಳಗೆ ಬಿಡಲಿಲ್ಲ. ಆಂಜೆಲೊ ಇಂಜೆಂಜೇರಿ ಎಂಬ ಸಾಹಿತಿ ಗುರುತು ಹಿಡಿದು ಕರೆದುಕೊಂಡು ಹೋದ. ಈ ಹೆಸರು ಮತ್ತೆ ಬರುತ್ತದೆ.

1579ರ ಫೆಬ್ರುವರಿಯಲ್ಲಿ ಮತ್ತೆ ಫೆರಾರಾ. ಡ್ಯೂಕ್‌ನ ಮೂರನೇ ಮದುವೆಯ ಸಂಭ್ರಮ. ಮದುವೆ ಮನೆಯಲ್ಲಿ ಕರೆಯದೆ ಬಂದ ನೆಂಟನನ್ನು ಯಾರು ಮಾತಾಡಿಸುತ್ತಾರೆ? ಉಳಿಯಲು ಕೋಣೆ ಇಲ್ಲ, ಡ್ಯೂಕ್ ಭೇಟಿ ಇಲ್ಲ, ಹಸ್ತಪ್ರತಿ ಕೈಗೆ ಸಿಗಲಿಲ್ಲ. ಮಾರ್ಚ್‌ನಲ್ಲಿ ಸಿಟ್ಟು ಒಡೆಯಿತು. ಎಲ್ಲರೆದುರು ಡ್ಯೂಕ್‌ನನ್ನೂ ಅವನ ಮನೆತನವನ್ನೂ ಬಾಯಿಗೆ ಬಂದಂತೆ ಬೈದ. ಸಾಂತಾನ್ನಾ ಆಸ್ಪತ್ರೆಗೆ ಹಾಕಿದರು. ಹೊರಗೆ ಬಂದದ್ದು 1586ರ ಜುಲೈನಲ್ಲಿ. ಏಳು ವರ್ಷ ದಾಟಿತ್ತು.

ಸಾಂತಾನ್ನಾದ ಬೆಕ್ಕುಗಳು

ಮೊದಲ ಒಂದು ವರ್ಷ ಕಷ್ಟದ್ದು. ಆಮೇಲೆ ಕೋಣೆಗಳು ಸಿಕ್ಕವು, ನೋಡಲು ಜನ ಬಂದರು, ಪತ್ರ ಬರೆಯಲು ಅಡ್ಡಿ ಇರಲಿಲ್ಲ. ಬರೆದದ್ದೂ ರಾಶಿ ರಾಶಿ. ಬಿಡಿಸಿ ಅಂತ ಪೋಪ್‌ನಿಂದ ಹಿಡಿದು ಗೊತ್ತಿದ್ದ ದೊರೆಗಳಿಗೆಲ್ಲ ಪತ್ರ. ಜೊತೆಗೆ ತತ್ವಚರ್ಚೆಯ ಸಂವಾದಗಳು, ನೂರಾರು ಪದ್ಯ.

ಒಂದು ರಾತ್ರಿ ಬರೆಯಲು ಬೆಳಕಿರಲಿಲ್ಲ. ಆಸ್ಪತ್ರೆಯಲ್ಲಿ ಬೆಕ್ಕುಗಳಿದ್ದವು. ಅವುಗಳ ಮೇಲೆ ಒಂದು ಪದ್ಯ ಬರೆದ. ಬಿರುಗಾಳಿಗೆ ಸಿಕ್ಕ ನಾವಿಕ ಕತ್ತಲಲ್ಲಿ ಆಕಾಶದ ನಕ್ಷತ್ರ ನೋಡುವ ಹಾಗೆ ನಾನು ನಿನ್ನ ಕಣ್ಣು ನೋಡುತ್ತಿದ್ದೇನೆ ಅನ್ನುತ್ತಾನೆ. ಅಷ್ಟರಲ್ಲಿ ಇನ್ನೊಂದು ಮರಿಬೆಕ್ಕು ಬರುತ್ತದೆ. ಸರಿ, ಈಗ ದೊಡ್ಡ ಕರಡಿ, ಚಿಕ್ಕ ಕರಡಿ ಎರಡೂ ನಕ್ಷತ್ರಪುಂಜ ಆಯಿತು. ಕೊನೆಗೆ ಬೇಡಿಕೆ: ದೇವರು ನಿಮ್ಮನ್ನು ದೊಣ್ಣೆ ಏಟಿನಿಂದ ಕಾಯಲಿ, ನಿಮಗೆ ಮಾಂಸ, ಹಾಲು ಸಿಗಲಿ, ಈ ಪದ್ಯ ಬರೆಯಲು ನನಗೊಂದಿಷ್ಟು ಬೆಳಕು ಕೊಡಿ. ಹುಚ್ಚ ಅನ್ನಿಸಿಕೊಂಡವನ ಹಾಸ್ಯಪ್ರಜ್ಞೆ ಇದು.

ಹಾಗಂತ ಕಾಯಿಲೆ ಸುಮ್ನೆ ಕಟ್ಟುಕಥೆಯೂ ಅಲ್ಲ. 1583ರಲ್ಲಿ ಹೆಸರಾಂತ ವೈದ್ಯ ಮೆರ್ಕುರಿಯಾಲೆಗೆ ಬರೆದ ಪತ್ರದಲ್ಲಿ ಕಿವಿಯಲ್ಲಿ ಗಂಟೆ, ಗಡಿಯಾರದ ಸದ್ದು ಕೇಳಿಸುತ್ತದೆ ಅಂತ ದೂರುತ್ತಾನೆ. ಇನ್ನೊಂದು ಪತ್ರದಲ್ಲಿ ಒಂದು ಕುಟ್ಟಿ ದೆವ್ವದ ಕಾಟ: ಅದು ದುಡ್ಡು ಕದಿಯುತ್ತದೆ, ಪೆಟ್ಟಿಗೆ ತೆಗೆಯುತ್ತದೆ, ಪುಸ್ತಕಗಳನ್ನು ಬುಡಮೇಲು ಮಾಡುತ್ತದೆ. ನಾಲ್ಕು ಶತಮಾನದ ಆಚೆ ಕೂತು ಕಾಯಿಲೆಗೆ ಹೆಸರಿಡುವುದು ಕಷ್ಟ. ಅವನು ನರಳುತ್ತಿದ್ದ ಎಂಬುದು ಪತ್ರಗಳಲ್ಲಿ ಸ್ಪಷ್ಟ.

ಅವನು ಒಳಗಿದ್ದಾಗ ಹೊರಗೆ ಕಾವ್ಯ ಅಚ್ಚಾಯಿತು. 1580ರಲ್ಲಿ ವೆನಿಸ್‌ನಲ್ಲಿ ಕದ್ದ ಪ್ರತಿಯಿಂದ ಅರೆಬರೆ ಆವೃತ್ತಿಯೊಂದು ‘ಗೊಫ್ರೇದೊ’ ಹೆಸರಲ್ಲಿ ಬಂತು. ಅದನ್ನು ನೋಡಲಾಗದೆ 1581ರಲ್ಲಿ ಟ್ಯೂರಿನ್‌ನ ಆ ಇಂಜೆಂಜೇರಿ ಪೂರ್ತಿ ಕಾವ್ಯವನ್ನು ಅಚ್ಚು ಮಾಡಿಸಿದ. ‘ಜೆರುಸಲೆಮ್ಮೆ ಲಿಬೆರಾತಾ’ ಎಂಬ ಹೆಸರು ಅವನು ಇಟ್ಟಿದ್ದು, ಕವಿಯದ್ದಲ್ಲ. ಫೆರಾರಾದಲ್ಲೂ ಆವೃತ್ತಿ ಬಂತು. ಮುದ್ರಕರು ದುಡ್ಡು ಮಾಡಿದರು. ಬರೆದವನಿಗೆ ಕಾಸಿಲ್ಲ, ತಿದ್ದುವ ಅವಕಾಶವೂ ಇಲ್ಲ. ಇಂದಿನ ಅರ್ಥದ ಕಾಪಿರೈಟ್ ಆಗ ಇರಲಿಲ್ಲ.

1580ರ ನವೆಂಬರ್‌ನಲ್ಲಿ ಫ್ರೆಂಚ್ ಪ್ರಬಂಧಕಾರ ಮೊಂತೇನ್ ಫೆರಾರಾ ಹಾದುಹೋದ. ಕವಿಯನ್ನು ನೋಡಿ ಮರುಕಕ್ಕಿಂತ ಜಾಸ್ತಿ ಸಿಟ್ಟೇ ಬಂತು ಎಂದು ಬರೆದಿದ್ದಾನೆ. ತನ್ನನ್ನೂ ತನ್ನ ಕೃತಿಗಳನ್ನೂ ಗುರುತಿಸಲಾಗದ ಸ್ಥಿತಿ, ಆ ಕೃತಿಗಳನ್ನೋ ತಿದ್ದದೆ ಅವನ ಕಣ್ಣೆದುರೇ ಪ್ರಕಟಿಸಿಬಿಟ್ಟಿದ್ದಾರೆ ಎಂದು.

ರಾಜಕುಮಾರಿಯ ಪ್ರೇಮ?

ತಾಸ್ಸೊ ಡ್ಯೂಕ್‌ನ ತಂಗಿ ಲೆಯೊನೋರಾಳನ್ನು ಪ್ರೀತಿಸಿದ, ಅದಕ್ಕೇ ಜೈಲು ಎಂಬ ಕಥೆ ಬಹಳ ಕಾಲ ಓಡಿತು. ಜರ್ಮನ್ ಕವಿ ಗಯಟೆಯ 1790ರ ನಾಟಕ, ಇಂಗ್ಲಿಷ್ ಕವಿ ಬೈರನ್‌ನ 1817ರ ಪದ್ಯ ಎರಡೂ ಅದರ ಮೇಲೆ ನಿಂತಿವೆ. ಪುರಾವೆ ಇಲ್ಲ. ಅವಳ ಮೇಲೆ ಪದ್ಯ ಬರೆದದ್ದು ನಿಜ, ಅದು ಅವನ ಉದ್ಯೋಗ. 1581ರಲ್ಲಿ ಅವಳು ತೀರಿಕೊಂಡಳು, ಅವನು ಇನ್ನೂ ಐದು ವರ್ಷ ಒಳಗೇ ಇದ್ದ.

ತೌಡು ಪಂಡಿತರು

ಕಾವ್ಯ ಜನಪ್ರಿಯವಾದ ಮೇಲೆ ಫ್ಯಾನ್ ಜಗಳ ಶುರುವಾಯಿತು. ಅರಿಯೊಸ್ತೊ ದೊಡ್ಡವನಾ, ತಾಸ್ಸೊ ದೊಡ್ಡವನಾ? 1584ರಲ್ಲಿ ಪೆಲ್ಲೆಗ್ರೀನೊ ಎಂಬುವನು ತಾಸ್ಸೊ ಪರ ಬರೆದ. ಫ್ಲಾರೆನ್ಸ್‌ನಲ್ಲಿ ಆಗಷ್ಟೇ ಹುಟ್ಟಿದ್ದ ಕ್ರುಸ್ಕಾ ಅಕಾಡೆಮಿ ಅವನ ಮೇಲೆ ಮುಗಿಬಿತ್ತು. ಕ್ರುಸ್ಕಾ ಅಂದರೆ ತೌಡು. ಜರಡಿ ಹಿಡಿದು ಭಾಷೆಯ ತೌಡು ಬೇರೆ ಮಾಡಿ ಹಿಟ್ಟು ಉಳಿಸುತ್ತೇವೆ ಎಂಬುದು ಅವರ ಹೆಮ್ಮೆ. ತಾಸ್ಸೊನ ಭಾಷೆ ಬಿಗಿ, ಒಡ್ಡೊಡ್ಡು, ಲ್ಯಾಟಿನ್ ಜಾಸ್ತಿ ಎಂದರು. ಕವಿ ಆಸ್ಪತ್ರೆಯ ಕೋಣೆಯಿಂದಲೇ ಉತ್ತರ ಬರೆದ. ಉತ್ತರದಲ್ಲಿ ತನಗಿಂತ ಹೆಚ್ಚಾಗಿ ತೀರಿಹೋದ ಅಪ್ಪನ ಕಾವ್ಯದ ಪರ ವಾದ ಮಾಡಿದ್ದು ನನಗೆ ಇಷ್ಟವಾದ ವಿಷಯ. 1612ರಲ್ಲಿ ಬಂದ ಕ್ರುಸ್ಕಾ ನಿಘಂಟಿನ ಮೊದಲ ಆವೃತ್ತಿಯಲ್ಲಿ ತಾಸ್ಸೊಗೆ ಜಾಗ ಸಿಗಲಿಲ್ಲ. ಗೆಲಿಲಿಯೊ ಕೂಡ ಅರಿಯೊಸ್ತೊ ಪಕ್ಷ. ತಾಸ್ಸೊ ಮೇಲೆ ಅವನು ಬರೆದ ಟಿಪ್ಪಣಿಗಳು ಕಟುವಾಗಿವೆ.

ಎರಡನೇ ಜೆರುಸಲೇಮ್

ಬಿಡುಗಡೆಯ ಮೇಲೂ ಅಲೆದಾಟ ನಿಲ್ಲಲಿಲ್ಲ. ಮಾಂತುವಾ, ರೋಮ್, ನೇಪಲ್ಸ್, ಮತ್ತೆ ರೋಮ್. ಈ ನಡುವೆ ಕಾವ್ಯವನ್ನು ಪೂರ್ತಿ ತಿರುಗಿ ಬರೆದ. 1593ರಲ್ಲಿ ‘ಜೆರುಸಲೆಮ್ಮೆ ಕೊಂಕ್ವಿಸ್ತಾತಾ’, ಗೆದ್ದ ಜೆರುಸಲೇಮ್, ಹೊರಬಂತು. 20 ಸರ್ಗ ಹೋಗಿ 24 ಆಯಿತು. ಎಸ್ತೆ ಮನೆತನದ ಹೊಗಳಿಕೆ ಮಾಯ. ರಿನಾಲ್ದೊ ಹೆಸರು ರಿಚ್ಚಾರ್ದೊ ಆಯಿತು. ಎರ್ಮಿನಿಯಾ ಕುರುಬರ ನಡುವೆ ಕಳೆದ ದಿನಗಳು ಹೋದವು. ಇತಿಹಾಸ, ಧರ್ಮ ಜಾಸ್ತಿ, ಸಿಹಿ ಕಡಿಮೆ. 18 ವರ್ಷ ಹಿಂದೆ ರೋಮಿನ ಪಂಡಿತರು ಕೇಳಿದ್ದನ್ನೆಲ್ಲ ಅವನು ಕೊನೆಗೂ ಮಾಡಿಕೊಟ್ಟಿದ್ದ. ಇದೇ ಒಳ್ಳೆಯದು ಅಂತ ಅವನು ನಂಬಿದ್ದ. ಓದುಗರು ಒಪ್ಪಲಿಲ್ಲ. ಇವತ್ತು ಅದನ್ನು ಓದುವವರು ಸಂಶೋಧಕರು ಮಾತ್ರ.

ಪೋಪ್ ಎಂಟನೇ ಕ್ಲೆಮೆಂಟ್ ಅವನಿಗೆ ಪಿಂಚಣಿ ಕೊಟ್ಟ. 1341ರಲ್ಲಿ ಕವಿ ಪೆತ್ರಾರ್ಕನಿಗೆ ಮಾಡಿದ ಹಾಗೆ ರೋಮಿನ ಕ್ಯಾಪಿಟಲ್ ಗುಡ್ಡದ ಮೇಲೆ ಲಾರೆಲ್ ಎಲೆಯ ಕಿರೀಟ ತೊಡಿಸುವ ಮಾತು ನಡೆದಿತ್ತು. ತಾಸ್ಸೊಗೆ ಅಷ್ಟರಲ್ಲಿ ಆರೋಗ್ಯ ಕೈಕೊಟ್ಟಿತ್ತು. 1595ರ ಏಪ್ರಿಲ್ ಮೊದಲಲ್ಲಿ ಜಾನೀಕೊಲೊ ಮೇಲಿನ ಸಾಂತೊನೊಫ್ರಿಯೊ ಮಠಕ್ಕೆ ಹೋಗಿ ಇಲ್ಲಿ ಸಾಯಲು ಬಂದಿದ್ದೇನೆ ಎಂದ. 25ರಂದು ತೀರಿಕೊಂಡ. 51 ವರ್ಷ. ಅವನ ಸ್ನೇಹಿತನೂ ಮೊದಲ ಜೀವನಚರಿತ್ರೆಕಾರನೂ ಆದ ಮಾನ್ಸೊ ಬರೆಯುವ ಪ್ರಕಾರ, ಕೊನೆಯಲ್ಲಿ ಅವನು ಕೇಳಿಕೊಂಡದ್ದು ತನ್ನ ಪುಸ್ತಕಗಳ ಪ್ರತಿಗಳನ್ನು ಕಲೆಹಾಕಿ ಸುಟ್ಟುಬಿಡಿ ಅಂತ. ಮುಖ್ಯವಾಗಿ ಆ ಮೊದಲ ಜೆರುಸಲೇಮನ್ನು.

ಸುಡಲಾಗದ ಪುಸ್ತಕ

ಸುಡುವುದು ಎಲ್ಲಿಂದ? ಆ ಹೊತ್ತಿಗೆ ಅದು ಊರೂರಿಗೆ ಹರಡಿತ್ತು. 1600ರಲ್ಲಿ ಫೇರ್‌ಫ್ಯಾಕ್ಸ್ ಅದನ್ನು ಇಂಗ್ಲಿಷ್‌ಗೆ ತಂದ. ತಾಂಕ್ರೇದಿ ಮತ್ತು ಕ್ಲೊರಿಂದಾಳ ಹೊಡೆದಾಟವನ್ನು ಮೊಂತೆವೆರ್ದಿ ಸಂಗೀತಕ್ಕೆ ಅಳವಡಿಸಿ 1624ರಲ್ಲಿ ವೆನಿಸ್‌ನ ಒಂದು ಮನೆಯಲ್ಲಿ ಆಡಿಸಿದ. ಕತ್ತಿಯ ಏಟಿಗೆ ಪಿಟೀಲು ಜಾತಿಯ ವಾದ್ಯಗಳ ತಂತಿಯನ್ನು ಬೆರಳಲ್ಲಿ ಮೀಟಿಸಿದ. ಕಮಾನು ಬದಿಗಿಟ್ಟು ಹಾಗೆ ನುಡಿಸುವುದು ಆಗ ಹೊಸದು. ಲುಲ್ಲಿ 1686ರಲ್ಲಿ, ಹ್ಯಾಂಡೆಲ್ 1711ರಲ್ಲಿ, ಗ್ಲುಕ್ 1777ರಲ್ಲಿ ಅರ್ಮಿದಾ, ರಿನಾಲ್ದೊ ಕಥೆಯನ್ನು ಒಪೆರಾ ಮಾಡಿದರು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ದೋಣಿಯವರ ಹಾಡು. ನಮ್ಮಲ್ಲಿ ಓದು ಬಾರದವರ ಬಾಯಲ್ಲೂ ಕುಮಾರವ್ಯಾಸ ಭಾರತದ ಷಟ್ಪದಿಗಳು ಇರುತ್ತಿದ್ದವಲ್ಲ, ವೆನಿಸ್‌ನ ಗೊಂಡೊಲಾ ನಡೆಸುವವರ ಬಾಯಲ್ಲಿ ತಾಸ್ಸೊನ ಎಂಟು ಸಾಲುಗಳು ಹಾಗೆ ಇದ್ದವು. 1786ರ ಅಕ್ಟೋಬರ್‌ನಲ್ಲಿ ಗಯಟೆ ಇಬ್ಬರು ದೋಣಿಯವರಿಗೆ ಹೇಳಿ ಹಾಡಿಸಿಕೊಂಡ. ಒಬ್ಬ ದೂರದಲ್ಲಿ ನಿಂತು ಗಟ್ಟಿಯಾಗಿ ಹಾಡುತ್ತಾನೆ, ಎಲ್ಲೋ ಕತ್ತಲಲ್ಲಿ ಇನ್ನೊಬ್ಬ ಮುಂದಿನದನ್ನು ಎತ್ತಿಕೊಳ್ಳುತ್ತಾನೆ. ಹತ್ತಿರ ನಿಂತರೆ ಕಿರುಚಿದ ಹಾಗೆ, ದೂರದಿಂದ ಕೇಳಿದರೆ ಕಣ್ಣೀರು ಬರುವ ಹಾಗೆ ಇತ್ತಂತೆ.

ಆಗ ಗಯಟೆಗೆ ಇನ್ನೊಂದು ವಿಷಯ ಹೇಳಿದರು. ಲೀಡೊ, ಮಲಮೊಕ್ಕೊ, ಪೆಲ್ಲೆಸ್ಟ್ರೀನಾ ಕಡೆಯ ಹೆಂಗಸರೂ ತಾಸ್ಸೊನನ್ನು ಹೀಗೇ ಹಾಡುತ್ತಾರಂತೆ. ಗಂಡಂದಿರು ಮೀನಿಗೆ ಹೋಗಿರುತ್ತಾರೆ. ಸಂಜೆ ಇವರು ದಡದಲ್ಲಿ ಕೂತು ಹಾಡಲು ಶುರು ಮಾಡುತ್ತಾರೆ. ನೀರಿನ ಮೇಲೆ ದೂರದಿಂದ ತಮ್ಮವರ ದನಿಯಲ್ಲಿ ಮುಂದಿನ ಸಾಲು ಕೇಳಿಸುವವರೆಗೂ ಹಾಡುತ್ತಲೇ ಇರುತ್ತಾರೆ.